ಕುಂಬಳೆಯಿಂದ ನೇತ್ರಾಣಿಗೆ: ಡೈವಿಂಗ್ ತಂಡ ಹೊರಡಿಸುವ ಕ್ರಮ

ನಮ್ಮ ಡೈವಿಂಗ್ ಕ್ಲಬ್ಬಿಗೆ ಬೋರ್ಡಿಲ್ಲ, ರಿಜಿಸ್ಟ್ರೇಶನ್ನಿಲ್ಲ, ಅಧ್ಯಕ್ಷರಿಲ್ಲ. ಒಂದು ವಾಟ್ಸಾಪ್ ಗುಂಪು ಇದೆ, ಇನ್ನೂರು ಪುಟದ ಒಂದು ನೋಟ್‌ಬುಕ್ಕಿದೆ, ಆ ಪುಸ್ತಕದಲ್ಲಿ ಲೆಕ್ಕ ಬರೆಯುವವನು ನಾನು. ಕುಂಬಳೆ ಹತ್ತಿರದ ಕನ್ನಡ ಮಾಧ್ಯಮ ಶಾಲೆಯ ಗಣಿತದ ಮಾಸ್ಟ್ರು. ಒಟ್ಟು 14 ಜನ: ಉಪ್ಪಳದ ವೆಲ್ಡಿಂಗ್ ಅಂಗಡಿಯವರು, ಬದಿಯಡ್ಕದ ಅಡಿಕೆ ವ್ಯಾಪಾರಿ, ತಳಂಗರೆಯ ಅಣ್ಣ-ತಮ್ಮ, ಎಲ್ಲರೂ ನರ್ಸಕ್ಕ ಎಂದು ಕರೆಯುವ ಒಬ್ಬರು, ಹೀಗೆ. ವರ್ಷಕ್ಕೆ ಎರಡು ಸಲ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಕಡಲೊಳಗೆ ಇಳಿಯಲು, ಹೋಗುತ್ತೇವೆ.

ನೀರಿನೊಳಗೆ ಏನು ಮಾಡಬೇಕೆಂದು ಹೇಳಲು ಅಲ್ಲಿ ಇನ್‌ಸ್ಟ್ರಕ್ಟರ್ ಇರುತ್ತಾರೆ, ಅದು ಅವರ ಕೆಲಸ. ತಂಡ ಹೊರಡಿಸುವವನ ಕೆಲಸ ದಡದಲ್ಲಿ, ಅದರಲ್ಲಿ ಮುಕ್ಕಾಲು ಪಾಲು ಒಂದೇ ಮಾತು ಹೇಳುವುದು: ‘ಬೇಡ’. ನೀನು ಈ ಸಲ ಬೇಡ, ಇವತ್ತು ಬೇಡ, ಅದನ್ನು ತಿನ್ನುವುದು ಬೇಡ. ಇದನ್ನು ಹೇಳಲು ದಾಕ್ಷಿಣ್ಯ ಪಡುವವರು ತಂಡ ಕಟ್ಟಬಾರದು.

ಮನೆಯೆದುರೇ ಕಡಲಿರುವಾಗ 200 ಕಿ.ಮೀ. ಯಾಕೆ ಹೋಗಬೇಕು ಎಂದು ಅಮ್ಮ ಈಗಲೂ ಕೇಳುತ್ತಾರೆ. ನಮ್ಮ ಕಾಸರಗೋಡು ಜಿಲ್ಲೆಯೊಂದರಲ್ಲೇ 12 ಹೊಳೆಗಳು ಕಡಲಿಗೆ ಸೇರುತ್ತವೆ. ಅವು ತರುವ ಕೆಸರು, ದಡದ ಹೊಯಿಗೆ, ಅಲೆಗಳ ಕಲಕಾಟ ಎಲ್ಲ ಸೇರಿ ದಡದ ಹತ್ತಿರ ಮುಳುಗಿದರೆ ನಿಮ್ಮ ಕೈ ನಿಮಗೇ ಕಾಣುವುದಿಲ್ಲ. ನೇತ್ರಾಣಿ ಇರುವುದು ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಹೊರಗೆ. ಕಲ್ಲಿನ ದ್ವೀಪ, ಸುತ್ತ ಹವಳ. ಒಳ್ಳೆಯ ದಿನವಾದರೆ 15 ಮೀಟರ್ ದೂರದ ಮೀನಿನ ಪಟ್ಟೆಯನ್ನೂ ಎಣಿಸಬಹುದು.

ದಿನ ನಿಶ್ಚಯಿಸುವುದು ಮೊದಲ ಕೆಲಸ. ಅಕ್ಟೋಬರಿನಿಂದ ಮೇ ವರೆಗೆ ಬೋಟು ಹೋಗುತ್ತದೆ, ಮಳೆಗಾಲದಲ್ಲಿ ಇಲ್ಲ. ನಾವು ಡಿಸೆಂಬರ್ ಮತ್ತು ಫೆಬ್ರವರಿ ಇಟ್ಟುಕೊಂಡಿದ್ದೇವೆ. ಓಣಂ ರಜೆ ಉದ್ದ ಸಿಗುತ್ತದೆಂದು ಕೆಲವರು ಆಗಲೇ ಹೊರಡೋಣ ಎನ್ನುತ್ತಾರೆ. ರಜೆ ಇರಬಹುದು, ಬೋಟು ಇರುವುದಿಲ್ಲ. ಬುಕ್ ಮಾಡುವಾಗಲೇ ಒಂದು ಮಾತು ಕೇಳಿ ಬರೆಸಿಕೊಳ್ಳಿ: ಕಡಲು ಎದ್ದರೆ ಹಣ ವಾಪಸೋ, ಬೇರೆ ದಿನವೋ? ನಾವು ಕೇಳದೆ ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. ಇನ್ನು ನಮ್ಮೊಳಗಿನ ವಸೂಲಿ. ಅರ್ಧ ಹಣ ಮುಂಗಡ ಕೊಡದವನ ಹೆಸರು ಪುಸ್ತಕದಲ್ಲಿ ಪೆನ್ಸಿಲಿನಲ್ಲಿರುತ್ತದೆ, ಕೊಟ್ಟ ಮೇಲೆ ಪೆನ್ನಿನಲ್ಲಿ. ಗೆಳೆತನ ಉಳಿಯಲು ಇದು ಸಾಕು.

ಎರಡನೆಯದು ಯಾರು ಬರಬಹುದು ಎಂಬುದು. ಮೊದಲ ಬಾರಿಯ ಪರಿಚಯ ಡೈವ್‌ಗೆ ಹತ್ತು ವರ್ಷ ತುಂಬಿರಬೇಕು, ಹೆಚ್ಚೆಂದರೆ 12 ಮೀಟರ್ ಆಳ. ಈಜು ಬರಲೇಬೇಕೆಂದಿಲ್ಲ. ಆದರೂ ನಮ್ಮ ನಿಯಮ ಬೇರೆ. ಹತ್ತು ನಿಮಿಷ ಏನನ್ನೂ ಹಿಡಿಯದೆ ತೇಲಬೇಕು, 200 ಮೀಟರ್ ನಿಧಾನವಾಗಿಯಾದರೂ ಈಜಬೇಕು. ಇದು ಓಪನ್ ವಾಟರ್ ಎಂಬ ಡೈವಿಂಗಿನ ಮೊದಲ ಹಂತದ ಕೋರ್ಸಿನವರು ಕೇಳುವ ಪರೀಕ್ಷೆ, ನಾವು ಎಲ್ಲರಿಗೂ ಇಟ್ಟಿದ್ದೇವೆ. ನೀರಿಗೆ ಹೆದರುವವನು ಹತ್ತು ಮೀಟರ್ ಕೆಳಗೆ ಹೆದರುವುದಕ್ಕಿಂತ ಊರಿನಲ್ಲೇ ಹೆದರಿ ಮುಗಿಸುವುದು ಒಳ್ಳೆಯದು.

ಈ ಅಭ್ಯಾಸಕ್ಕೆ ಮಳೆಗಾಲ ಸರಿ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ತಿಂಗಳಿಗೊಂದು ಭಾನುವಾರ ಮಂಗಳೂರಿನ ಈಜುಕೊಳಕ್ಕೆ ಹೋಗುತ್ತೇವೆ. ಕೆಂಪುಕಲ್ಲು ತೆಗೆದು ಬಿಟ್ಟ ಹೊಂಡಗಳಲ್ಲಿ ನೀರು ತುಂಬಿ ಚಂದ ಕಾಣುತ್ತದೆ. ಅಲ್ಲಿಗೆ ಬೇಡ. ಅಂಚು ನೇರ ಕಡಿದಿರುತ್ತದೆ, ಹತ್ತಲು ಮೆಟ್ಟಿಲಿರುವುದಿಲ್ಲ. ಅನಂತಪುರ ದೇವಸ್ಥಾನದ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆ ತೀರಿಕೊಂಡದ್ದು 2022ರಲ್ಲಿ, ಈಗಲಾದರೂ ಅಲ್ಲಿ ಈಜಬಹುದಲ್ಲ ಎಂದು ಒಬ್ಬ ಹುಡುಗ ಕೇಳಿದ. ಮರುವರ್ಷವೇ ಅಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು ಮಾರಾಯ ಎಂದೆ. ದೇವರ ಕೆರೆ ಎಂಬುದನ್ನು ಬೇರೆ ಹೇಳಬೇಕಾಗಲಿಲ್ಲ.

ಆರೋಗ್ಯದ ಫಾರ್ಮು ಎಲ್ಲಕ್ಕಿಂತ ಮುಖ್ಯ. ಬೋಟಿನ ಕಚೇರಿಯಲ್ಲಿ ಕೊಡುತ್ತಾರೆ, ಅಲ್ಲಿ ಎಲ್ಲರೂ ಓದದೆ ‘ಇಲ್ಲ, ಇಲ್ಲ, ಇಲ್ಲ’ ಎಂದು ಗೀಚುತ್ತಾರೆ. ಅದಕ್ಕೇ ನಾವು ಒಂದು ತಿಂಗಳ ಮೊದಲೇ ಅವೇ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು, ನರ್ಸಕ್ಕನ ಎದುರು ಒಬ್ಬೊಬ್ಬರನ್ನೇ ಕೂರಿಸುತ್ತೇವೆ. ದಮ್ಮಿನ ಕಾಯಿಲೆ ಉಂಟಾ, ಹೃದಯದ್ದು, ಫಿಟ್ಸ್, ಕಿವಿಯ ಆಪರೇಶನ್, ಬಸುರಿಯಾ? ಒಂದಕ್ಕೆ ‘ಹೌದು’ ಬಂದರೂ ಡಾಕ್ಟರ ಚೀಟಿ ಬೇಕು. ಬಸುರಿಯಾದರೆ ಚೀಟಿಯ ಪ್ರಶ್ನೆಯೇ ಇಲ್ಲ. ನನ್ನೆದುರು ಮುಚ್ಚಿಟ್ಟವರೆಲ್ಲ ಆ ಅಕ್ಕನೆದುರು ಬಾಯಿಬಿಡುತ್ತಾರೆ. ಅದು ಹೇಗೋ ನಾನರಿಯೆ.

ನೆಗಡಿಯ ಬಗ್ಗೆ ನನ್ನದೇ ಕತೆ ಇದೆ. ಮೂರನೇ ಪ್ರವಾಸದಲ್ಲಿ ನನಗೆ ಮೂಗು ಕಟ್ಟಿತ್ತು. ಹೊರಡಿಸಿದವನೇ ಬೋಟಿನಲ್ಲಿ ಕೂರುವುದು ಹೇಗೆ ಎಂದು ಮಾತ್ರೆ ನುಂಗಿ ಇಳಿದೆ. ಆರು ಮೀಟರಿನಲ್ಲಿ ಎಡಕಿವಿಯೊಳಗೆ ಸೂಜಿ ಚುಚ್ಚಿದಂತಾಯಿತು. ಮೇಲೆ ಬಂದಾಗ ಕಣ್ಣು-ಮೂಗು ಮುಚ್ಚುವ ಗಾಜಿನ ಮಾಸ್ಕಿನಲ್ಲಿ ರಕ್ತ. ಮೂರು ವಾರ ಕ್ಲಾಸಿನ ಎಡಸಾಲಿನ ಮಕ್ಕಳು ಏನು ಹೇಳಿದರೂ ನನಗೆ ಕೇಳಿಸಲಿಲ್ಲ, ಅವರಿಗೆ ಅದು ಬೇಗ ಗೊತ್ತೂ ಆಯಿತು. ಮೂಗು ಕಟ್ಟಿದ್ದರೆ ಬೇಡ. ಮಾತ್ರೆಯಿಂದ ಮೂಗು ಬಿಟ್ಟರೂ ಬೇಡ: ನೀರೊಳಗೆ ಅದರ ಗುಣ ಇಳಿದರೆ ಏರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಈ ಒತ್ತಡದ ಮಾತನ್ನು ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಅಷ್ಟೆ. ನಾನು ನಮ್ಮ ಮನೆಯ ಬಾವಿಯಲ್ಲಿ ತೋರಿಸುತ್ತೇನೆ, ನೀವೂ ಮಾಡಬಹುದು. ಹಳೆಯ ಹಾರ್ಲಿಕ್ಸಿನ ಗಾಜಿನ ಬಾಟಲಿಯೊಳಗೆಲ್ಲ ಚಾಕ್‌ಪೀಸ್ ಉಜ್ಜಿ ಬೆಳ್ಳಗೆ ಮಾಡಿ. ಬಾಯಿ ಕೆಳಗಾಗಿ ನೇರ ನಿಲ್ಲುವಂತೆ ಹಗ್ಗ ಕಟ್ಟಿ, ಕೆಳಗೆ ಎರಡು ಕಿಲೋದ ಕಲ್ಲು ತೂಗಿಸಿ. ಮೂರು ಮೀಟರ್ ನೀರಿನೊಳಗೆ ಇಳಿಸಿ ನಿಧಾನ ಮೇಲೆತ್ತಿ. ನೀರು ಎಲ್ಲಿವರೆಗೆ ಏರಿತ್ತೋ ಅಲ್ಲಿವರೆಗೆ ಚಾಕ್ ತೊಳೆದುಹೋಗಿರುತ್ತದೆ, ಹೆಚ್ಚುಕಮ್ಮಿ ಕಾಲು ಬಾಟಲಿ. ಗಾಳಿ ಎಲ್ಲಿಗೂ ಹೋಗಿಲ್ಲ, ಕುಗ್ಗಿದೆ. ಹತ್ತು ಮೀಟರಿನಲ್ಲಿ ಅರ್ಧಕ್ಕರ್ಧ ಕುಗ್ಗುತ್ತದೆ, ಒತ್ತಡ ಅಲ್ಲಿ ಮೇಲಿನ ಎರಡರಷ್ಟು.

ಈಗ ಕೇಳಿ: ಆ ಬಾಟಲಿಯ ಜಾಗದಲ್ಲಿ ನಿಮ್ಮ ಕಿವಿ ಇದೆ. ಅದಕ್ಕೇ ಮೊದಲ ಮೀಟರಿನಿಂದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ನೋವು ಬಂದ ಮೇಲೆ ಊದುವುದಲ್ಲ, ಬರುವ ಮೊದಲು. ಕಿವಿ ಬಿಡದಿದ್ದರೆ ಒಂದಡಿ ಮೇಲೆ ಬಂದು ಮತ್ತೆ ನೋಡಬೇಕು, ಬಲವಂತ ಮಾಡಬಾರದು. ಇನ್ನು ಬಾಟಲಿಯ ಜಾಗದಲ್ಲಿ ಶ್ವಾಸಕೋಶ ಇಡಿ. ಹತ್ತು ಮೀಟರಿನಲ್ಲಿ ನಾಲ್ಕು ಲೀಟರ್ ಗಾಳಿ ಎಳೆದು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಅದು ಎಂಟು ಲೀಟರ್ ಆಗಲು ನೋಡುತ್ತದೆ. ಎದೆಯಲ್ಲಿ ಅಷ್ಟು ಜಾಗವಿಲ್ಲ. ಉಸಿರು ಯಾವತ್ತೂ ಹಿಡಿಯಬೇಡಿ ಎಂಬ ನಿಯಮ ಬಂದದ್ದು ಇಲ್ಲಿಂದ. ಬಾವಿಕಟ್ಟೆಯಲ್ಲಿ ಇದನ್ನು ನೋಡಿದವರು ಮರೆತದ್ದಿಲ್ಲ.

ಗಾಳಿಯ ಲೆಕ್ಕವನ್ನೂ ಅಲ್ಲೇ ಮುಗಿಸುತ್ತೇನೆ. ಸಿಲಿಂಡರಿನಲ್ಲಿರುವುದು ‘ಆಕ್ಸಿಜನ್’ ಅಲ್ಲ, ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನೀರಿನ ಮೇಲಿನ ಗಾಳಿಯ ಒತ್ತಡ) ಅಂದರೆ 2,400 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಮೇಲೆ ಎರಡು ಗಂಟೆ, ಹತ್ತು ಮೀಟರಿನಲ್ಲಿ ಒಂದೇ ಗಂಟೆ. ಕೊನೆಯ 50 ಬಾರ್ ಮುಟ್ಟುವ ಹಣ ಅಲ್ಲ. ಗಾಬರಿಯಾದವನು ಇದರ ಎರಡರಷ್ಟು ಎಳೆಯುತ್ತಾನೆ. ಅಡಿಕೆ ವ್ಯಾಪಾರಿಯವರು ಮೊದಲ ಸಲ ಇಪ್ಪತ್ತು ನಿಮಿಷದಲ್ಲಿ ಖಾಲಿ ಮಾಡಿದ್ದರು, ಈಗ ಅವರೇ ಎಲ್ಲರಿಗಿಂತ ಕೊನೆಗೆ ಮೇಲೆ ಬರುವವರು.

ಪ್ರಯಾಣ. ಶನಿವಾರ ಮಧ್ಯಾಹ್ನ ಊಟ ಮಾಡಿ ಟೆಂಪೋ ಟ್ರಾವೆಲರ್ ಹತ್ತಿ. ಮಂಜೇಶ್ವರ, ತಲಪಾಡಿ, ಮಂಗಳೂರು, ಉಡುಪಿ, ಕುಂದಾಪುರ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ, ಅಲ್ಲಿ ಚಹಾಕ್ಕೆ ಇಳಿಸಿ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬೆಳಿಗ್ಗೆ ನೇರ ಬೋಟಿಗೆ ಎಂಬ ಉಳಿತಾಯ ಬೇಡ. ನಿದ್ದೆಗೆಟ್ಟವನೇ ಮೊದಲು ವಾಂತಿ ಮಾಡುವವನು. ಮುರುಡೇಶ್ವರದಲ್ಲಿ ರೂಮು ಮಾಡಿ, ಎಂಟೂವರೆಗೆ ಉಂಡು ಮಲಗಿ. ಆ ರಾತ್ರಿ ಬಾಟಲಿ ತೆಗೆದವನು ಮರುದಿನ ಬೋಟಿನಲ್ಲಿ ಕೂತು ನೋಡುತ್ತಾನೆ, ಇಳಿಯುವುದಿಲ್ಲ. ಇದನ್ನು ಒಮ್ಮೆ ಮಾಡಿ ತೋರಿಸಿದ್ದೇನೆ, ಎರಡನೇ ಸಲ ಬೇಕಾಗಲಿಲ್ಲ.

ಬೆಳಿಗ್ಗೆ ಎರಡು ಇಡ್ಲಿ, ಒಂದು ಬಾಳೆಹಣ್ಣು. ಗೋಳಿಬಜೆ ಬೇಡ. ಖಾಲಿ ಹೊಟ್ಟೆಯೂ ಬೇಡ, ಅದು ಇನ್ನೂ ಕೆಟ್ಟದು. ವಾಂತಿ ಮಾತ್ರೆ ಕೆಲವು ನಿದ್ದೆ ಬರಿಸುತ್ತವೆ, ಯಾವುದು ಸರಿಯೆಂದು ಊರಿನ ಡಾಕ್ಟರನ್ನು ಮೊದಲೇ ಕೇಳಿಡಿ. ಬೋಟು ದ್ವೀಪ ಮುಟ್ಟಲು ಒಂದು, ಒಂದೂವರೆ ಗಂಟೆ. ನಡುವೆ ಕೂತುಕೊಳ್ಳಿ, ದೂರದ ಗೆರೆ ನೋಡಿ, ಮೊಬೈಲ್ ನೋಡಬೇಡಿ. ವಾಂತಿ ಬಂದರೆ ಗಾಳಿ ಎದುರಿನಿಂದ ಬರುವ ಕಡೆ ಬಾಗಬೇಡಿ. ಹೇಳಬೇಕಾದ ಮಾತೇ ಅಲ್ಲ, ಆದರೂ ಪ್ರತಿ ಸಲ ಒಬ್ಬರಾದರೂ ಬಾಗುತ್ತಾರೆ. ಬೋಟು ಬಿಡುವ ಮೊದಲು ಆಕ್ಸಿಜನ್ ಕಿಟ್ ಎಲ್ಲಿದೆ, ಲೈಫ್ ಜಾಕೆಟ್ ಎಷ್ಟಿದೆ, ವಯರ್‌ಲೆಸ್ ಉಂಟಾ ಎಂದು ನೀವೇ ಕಣ್ಣಾರೆ ನೋಡಿ. (ಆಕ್ಸಿಜನ್ ಬೇಕಾಗುವುದು ಬೋಟಿನಲ್ಲಿ, ಬೆನ್ನಮೇಲೆ ಅಲ್ಲ.) ಕೋಸ್ಟ್ ಗಾರ್ಡಿನ ತುರ್ತು ನಂಬರ್ 1554, ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದೇನೆ.

ಮೀಸೆ ಇರುವವರಿಗೆ ಒಂದು ಮಾತು. ಮೂಗಿನ ಕೆಳಗೆ ಮಾಸ್ಕಿನ ರಬ್ಬರು ಕೂರಬೇಕಾದ ಜಾಗದಲ್ಲಿ ಕೂದಲಿದ್ದರೆ ನೀರು ನುಗ್ಗುತ್ತದೆ. ಒಂದು ತೆಳು ಗೆರೆಯಷ್ಟು ಬೋಳಿಸಿದರೆ ಸಾಕು, ಮೀಸೆಯ ಗೌರವಕ್ಕೆ ಏನೂ ಆಗುವುದಿಲ್ಲ. ಗಾಜಿಗೆ ಮಂಜು ಕಟ್ಟದಿರಲು ಉಗುಳು ಉಜ್ಜಿ ತೊಳೆಯಿರಿ.

ಟೆಂಪೋದಲ್ಲಿ ನಾವು ಕನ್ನಡ, ತುಳು, ಮಲಯಾಳ, ಬ್ಯಾರಿ ನಾಲ್ಕರಲ್ಲೂ ಜಗಳವಾಡುತ್ತೇವೆ. ನೀರೊಳಗೆ ಕೈ ಒಂದೇ ಭಾಷೆ. ಹೆಬ್ಬೆರಳು-ತೋರುಬೆರಳು ಸೇರಿಸಿ ಸುತ್ತು ಮಾಡಿದರೆ ಸರಿಯಿದ್ದೇನೆ ಎಂದು. ಅಂಗೈ ಬಿಡಿಸಿ ಆಚೀಚೆ ಓಲಾಡಿಸಿದರೆ ಏನೋ ತೊಂದರೆ, ಆಮೇಲೆ ಎಲ್ಲಿ ಎಂದು ಬೆರಳಲ್ಲಿ ತೋರಿಸಬೇಕು. ಹೆಬ್ಬೆರಳು ಎತ್ತಿದರೆ ‘ಭೇಷ್’ ಅಲ್ಲ, ‘ಮೇಲೆ ಹೋಗೋಣ’. ತಳಂಗರೆಯ ತಮ್ಮ ಮೊದಲ ಕಡಲಾಮೆ ಕಂಡ ಖುಷಿಗೆ ಎರಡೂ ಹೆಬ್ಬೆರಳು ಎತ್ತಿದ. ಇನ್‌ಸ್ಟ್ರಕ್ಟರ್ ಅವನನ್ನು ಮೇಲಕ್ಕೆ ಕರೆತಂದರು. ಆಮೆ ಕೆಳಗೇ ಉಳಿಯಿತು. ಊಟದ ಹೊತ್ತಿಗೂ ಅವನು ಯಾರೊಡನೆಯೂ ಮಾತಾಡಲಿಲ್ಲ. ಈ ಸನ್ನೆಗಳನ್ನು ಟೆಂಪೋದಲ್ಲಿ ಕುಂದಾಪುರ ದಾಟುವವರೆಗೂ ಆಡಿಸಿ, ತಪ್ಪಿದವರು ಚಹಾ ಕೊಡಿಸಲಿ.

ಕೆಳಗೆ ಏನನ್ನೂ ಮುಟ್ಟಬೇಡಿ. ಹವಳ ಕಲ್ಲಿನಂತಿದ್ದರೂ ಜೀವ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ, ತುಂಡು ತಂದರೂ ಅಪರಾಧ. ಕೆಲವು ಮೀನುಗಳ ಮುಳ್ಳಿನಲ್ಲಿ ವಿಷ, ಅವು ಕಲ್ಲಿನಂತೆಯೇ ಕೂತಿರುತ್ತವೆ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪವಾದ್ದರಿಂದ ಕಬ್ಬಿಣದ ತುಂಡೇನಾದರೂ ಕಂಡರೆ ದೂರದಿಂದ ನಮಸ್ಕಾರ ಮಾಡಿ. ಬಣ್ಣದ ನಿರೀಕ್ಷೆ ಸ್ವಲ್ಪ ಇಳಿಸಿಕೊಳ್ಳಿ. ನೀರು ಮೊದಲು ನುಂಗುವುದು ಕೆಂಪನ್ನು, ಹಾಗಾಗಿ ಟಾರ್ಚ್ ಹಾಕದೆ ಕೆಂಪು ಮೀನು ಬೂದಿಬಣ್ಣ. ಮಾಸ್ಕಿನೊಳಗಿಂದ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಕುಂಬಳೆಗೆ ಬಂದು ‘ಇಷ್ಟುದ್ದದ ಮುರು ಮೀನು’ ಎಂದು ಕೈ ಅಗಲಿಸುವವರ ಲೆಕ್ಕದಿಂದ ನಾನು ಯಾವಾಗಲೂ ಕಾಲು ಭಾಗ ಕಳೆಯುತ್ತೇನೆ.

ಮೇಲೇರುವುದು ನಿಧಾನ, ನಿಮಿಷಕ್ಕೆ 9 ಮೀಟರಿಗಿಂತ ಬೇಗ ಅಲ್ಲ. ಆಳದ ಡೈವ್ ಆದರೆ ಐದು ಮೀಟರಿನಲ್ಲಿ ಮೂರು ನಿಮಿಷ ತಂಗಬೇಕು. ಆಳದ ಒತ್ತಡಕ್ಕೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಗಟ್ಟದೆ ಮೆಲ್ಲಗೆ ಹೊರಬರಲಿ ಎಂದು. ಈ ಹೊರಬರುವ ಕೆಲಸ ಬೋಟು ಹತ್ತಿದ ಮೇಲೂ ಮುಗಿಯುವುದಿಲ್ಲ, ನಮ್ಮೂರಿನವರು ತಪ್ಪುವುದು ಇಲ್ಲೇ. ಇಷ್ಟು ದೂರ ಬಂದಾಯಿತಲ್ಲ, ಸಂಜೆ ಕೊಡಚಾದ್ರಿ ಹತ್ತಿ ಹೋಗೋಣ ಎನ್ನುತ್ತಾರೆ. ಅದು 1,343 ಮೀಟರ್ ಎತ್ತರ. ಮೇಲೆ ಹೋದಷ್ಟು ಗಾಳಿಯ ಒತ್ತಡ ಇಳಿದು ಒಳಗೆ ಗುಳ್ಳೆ ಏಳಬಹುದು. ಬೇಡ. ಕೊಲ್ಲೂರು, ಘಟ್ಟ, ಮಡಿಕೇರಿ ಎಲ್ಲ ಡೈವಿಗೆ ಮೊದಲು ಇಟ್ಟುಕೊಳ್ಳಿ. ಮರಳುವುದು ಕಡಲ ಬದಿಯ ಹೈವೇಯಲ್ಲೇ.

ವಿಮಾನವೂ ಹಾಗೆಯೇ. ಒಂದು ಡೈವ್ ಆದರೆ 12 ಗಂಟೆ, ಎರಡು-ಮೂರು ಮಾಡಿದ್ದರೆ 18 ಗಂಟೆ ಹಾರಬಾರದು. ಪ್ರತಿ ಮನೆಯಿಂದಲೂ ಒಬ್ಬ ಗಲ್ಫ್‌ನಲ್ಲಿರುವ ನಮ್ಮ ಕಡೆ ಇದು ದೊಡ್ಡ ಸಮಸ್ಯೆ. ಅಕ್ಕನ ಮಗ ದುಬೈಯಿಂದ ಬಂದಿದ್ದ, ರಜೆಯ ಕೊನೆಯ ಭಾನುವಾರ ನಮ್ಮ ಪ್ರವಾಸ, ಅದೇ ರಾತ್ರಿ ಮಂಗಳೂರಿನಿಂದ ಅವನ ಫ್ಲೈಟು. ಬೇಡ ಎಂದೆ. “ಮಾವ, ಹಣ ಕೊಟ್ಟಾಗಿದೆ” ಎಂದ. ಹಣ ವಾಪಸ್ ಕೊಟ್ಟೆ. ಅಕ್ಕ ಎರಡು ತಿಂಗಳು ಫೋನು ಎತ್ತಲಿಲ್ಲ.

ಊರಿಗೆ ಬಂದ ಮೇಲೆ ಒಂದೇ ಕೆಲಸ ಉಳಿಯುತ್ತದೆ. ಸ್ವಂತ ಮಾಸ್ಕು, ಈಜಲು ಕಾಲಿಗೆ ಹಾಕುವ ಫಿನ್ನು ಇದ್ದವರು ಅವನ್ನು ಬಾವಿನೀರಲ್ಲಿ ಅರ್ಧ ಗಂಟೆ ನೆನೆಸಿ, ಉಪ್ಪು ಬಿಡಿಸಿ, ನೆರಳಲ್ಲಿ ಒಣಗಿಸಬೇಕು. ಅಡಿಕೆ ಒಣಹಾಕಿದ ಅಂಗಳದಲ್ಲಿ ಅಲ್ಲ, ಬಿಸಿಲಿಗೆ ರಬ್ಬರು ಬಿರಿಯುತ್ತದೆ. ನಮ್ಮಲ್ಲಿ ಅಮ್ಮ ಅದನ್ನು ಕೊಟ್ಟಿಗೆಯ ಗಳುವಿಗೆ ತೂಗುಹಾಕುತ್ತಾರೆ.

ಈ ಡಿಸೆಂಬರಿಗೆ ಹೆಸರು ಬರೆಯಲು ಶುರು ಮಾಡಿದ್ದೇನೆ. ಅಳಿಯ ರಜೆ ಹಾಕುವ ಮೊದಲೇ ಫೋನು ಮಾಡಿ ನಮ್ಮ ತಾರೀಕು ಕೇಳಿದ, ಡೈವಿನ ನಂತರ ಒಂಬತ್ತು ದಿನ ಬಿಟ್ಟು ಟಿಕೆಟ್ ತೆಗೆದಿದ್ದಾನಂತೆ. ಮುಂಗಡ ಇನ್ನೂ ಕೊಟ್ಟಿಲ್ಲ. ಅವನ ಹೆಸರು ಪೆನ್ಸಿಲಿನಲ್ಲಿದೆ.