ಎಡ್ಮಂಡನ ಕೈ ನೋಡಿ: 'ಜರ್ಮನಿ ಇಯರ್ ಝೀರೋ' ತೋರಿಸುವ ನನ್ನ ಬಗೆ

ಡಿಗ್ರಿ ಕಾಲೇಜುಗಳಿಗೆ ಹೋಗಿ ಹಳೆಯ ಸಿನಿಮಾ ತೋರಿಸಿ, ಆಮೇಲೆ ಹುಡುಗ ಹುಡುಗಿಯರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಸಂಬಳದ ಕೆಲಸವಲ್ಲ, ಹೆಗ್ಗೋಡಿನ ನೀನಾಸಂ ಶಿಬಿರದಲ್ಲಿ ಹತ್ತಿದ ಚಟ. ಯುದ್ಧ ಮುಗಿದ ಊರಿನ ಮಕ್ಕಳ ಬಗ್ಗೆ ಏನಾದರೂ ತೋರಿಸಿ ಅಂತ ಇತಿಹಾಸದ ಮೇಷ್ಟ್ರುಗಳು ಆಗಾಗ ಕೇಳುತ್ತಾರೆ. ಆಗ ನಾನು ಒಯ್ಯುವುದು ರಾಬರ್ಟೊ ರೊಸೆಲಿನಿಯ 'ಜರ್ಮನಿ ಇಯರ್ ಝೀರೋ'. 1948ರ ಚಿತ್ರ. ಇಟಲಿಯ ನಿರ್ದೇಶಕ, ಬರ್ಲಿನ್ ಊರು, ಎಡ್ಮಂಡ್ ಎಂಬ ಹನ್ನೆರಡು ವರ್ಷದ ಜರ್ಮನ್ ಹುಡುಗನ ಕಥೆ. ಒಂದೂಕಾಲು ಗಂಟೆಯ ಆಸುಪಾಸು ಅಷ್ಟೇ. ಎರಡು ಪೀರಿಯಡ್ ಸೇರಿಸಿದರೆ ಸಿನಿಮಾ ಮುಗಿದು ಮಾತಿಗೂ ಸ್ವಲ್ಪ ಸಮಯ ಉಳಿಯುತ್ತದೆ.

ಇದನ್ನು ತೋರಿಸುವುದು ಸುಲಭವಲ್ಲ. ಕಪ್ಪು ಬಿಳುಪು, ಜರ್ಮನ್ ಮಾತು, ಇಂಗ್ಲಿಷ್ ಸಬ್‌ಟೈಟಲ್. ಹಾಡಿಲ್ಲ, ನಗು ಇಲ್ಲ. ಕೊನೆಗೆ ಹುಡುಗ ಸಾಯುತ್ತಾನೆ, ಅದೂ ತಾನಾಗಿಯೇ. ಸುಮ್ನೆ ಹಾಕಿ ಬಿಟ್ಟರೆ ಅರ್ಧ ಕ್ಲಾಸು ಮೊಬೈಲ್ ನೋಡುತ್ತದೆ, ಇನ್ನರ್ಧ "ಪಾಪ" ಅಂದು ಮನೆಗೆ ಹೋಗುತ್ತದೆ. ಈ ಪಾಪ ಅನ್ನುವುದೇ ನನಗೆ ಬೇಡ. ರೊಸೆಲಿನಿಗೂ ಬೇಡವಾಗಿತ್ತು ಅನ್ನಿಸುತ್ತದೆ. ಅವನ ಕ್ಯಾಮೆರಾ ಹುಡುಗನ ಅಳುಮುಖ ಹುಡುಕಿಕೊಂಡು ಹತ್ತಿರ ಹೋಗುವುದು ತೀರಾ ಕಡಿಮೆ. ಒಂದಷ್ಟು ದೂರದಲ್ಲಿ ಅವನ ಜೊತೆ ನಡೆಯುತ್ತಾ ಹೋಗುತ್ತದೆ.

ಹಾಗಾಗಿ ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ. ಸಿನಿಮಾ ಶುರುವಾಗುವ ಮೊದಲು ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಡುತ್ತೇನೆ. ಮಧ್ಯೆ ಒಂದು ಗೆರೆ. ಎಡಕ್ಕೆ "ಬಂದದ್ದು", ಬಲಕ್ಕೆ "ಹೋದದ್ದು". ಎಡ್ಮಂಡನ ಕೈಗೆ ಏನು ಬರುತ್ತದೆ, ಕೈಯಿಂದ ಏನು ಹೋಗುತ್ತದೆ, ಅಷ್ಟು ಮಾತ್ರ ಬರೆಯಿರಿ ಅನ್ನುತ್ತೇನೆ. ಮುಖ ನೋಡಬೇಡಿ, ಕೈ ನೋಡಿ. ಕಾಮರ್ಸ್ ಹುಡುಗರಿಗೆ ಇದು ತಕ್ಷಣ ಹಿಡಿಸುತ್ತದೆ. ಆರ್ಟ್ಸ್‌ನವರು ಮೊದಲು ಮೂಗು ಮುರಿಯುತ್ತಾರೆ, ಆಮೇಲೆ ಅವರೇ ಜಾಸ್ತಿ ಬರೆದಿರುತ್ತಾರೆ.

ಹಾಳೆ ಹಂಚಿದ ಮೇಲೆ ಐದು ನಿಮಿಷ ಹಿನ್ನೆಲೆ ಹೇಳುತ್ತೇನೆ. ಅದಕ್ಕಿಂತ ಜಾಸ್ತಿ ಇಲ್ಲ. ಯುರೋಪಿನ ಯುದ್ಧ ಮುಗಿದದ್ದು 1945ರ ಮೇ ತಿಂಗಳಲ್ಲಿ. ಬರ್ಲಿನ್ ನಾಲ್ಕು ಪಾಲಾಯಿತು: ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್. ರೊಸೆಲಿನಿ ಅಲ್ಲಿ ಚಿತ್ರೀಕರಣ ಮಾಡಿದ್ದು 1947ರ ಬೇಸಿಗೆಯಲ್ಲಿ. ಅದರ ಹಿಂದಿನ ಚಳಿಗಾಲ ಭಯಂಕರವಾಗಿತ್ತು. ಜನ ಟಿಯರ್‌ಗಾರ್ಟನ್ ಪಾರ್ಕಿನ ಮರಗಳನ್ನೇ ಕಡಿದು ಸೌದೆ ಮಾಡಿಕೊಂಡಿದ್ದರು. ಹಣ ಇತ್ತು, ಆದರೆ ಬೆಲೆ ಇರಲಿಲ್ಲ. ಹೊಸ ನಾಣ್ಯ ಬಂದದ್ದು 1948ರ ಜೂನ್‌ನಲ್ಲಿ. ಅಲ್ಲಿಯವರೆಗೆ ಕಾಳಸಂತೆಯಲ್ಲಿ ಅಮೆರಿಕನ್ ಸಿಗರೇಟೇ ರೊಕ್ಕ. ಕೆಲಸ, ವಯಸ್ಸು ನೋಡಿ ರೇಷನ್ ಕಾರ್ಡು. ಮೈಮುರಿದು ದುಡಿಯುವವನಿಗೆ ಜಾಸ್ತಿ, ಮನೆಯಲ್ಲಿ ಕೂತ ಮುದುಕನಿಗೆ ಕಡಿಮೆ.

ರೇಷನ್ ಕಾರ್ಡಿನ ಮಾತು ಬಂದ ಕೂಡಲೇ ಹಾಲ್ ಎಚ್ಚರವಾಗುತ್ತದೆ. ಕಾರ್ಡಿನಲ್ಲಿ ಹೆಸರಿಲ್ಲದಿದ್ದರೆ ಅಕ್ಕಿ ಇಲ್ಲ ಅನ್ನುವುದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಡ್ಮಂಡನ ಮನೆಯ ಪಾಡೂ ಅದೇ. ಹಾಸಿಗೆ ಹಿಡಿದ ಅಪ್ಪ, ಅಕ್ಕ ಇವಾ, ಅಣ್ಣ ಕಾರ್ಲ್-ಹೈನ್ಸ್, ಎಡ್ಮಂಡ್. ಅಣ್ಣ ಕೊನೆಯವರೆಗೂ ಹೋರಾಡಿದ ಸಿಪಾಯಿ. ಪೊಲೀಸರು ಹಿಡಿಯುತ್ತಾರೆ ಅಂತ ಹೆದರಿ ಹೆಸರು ನೋಂದಾಯಿಸಿಲ್ಲ. ಅಂದರೆ ಅವನಿಗೆ ಕಾರ್ಡಿಲ್ಲ. ನಾಲ್ಕು ಹೊಟ್ಟೆ, ಮೂರು ಕಾರ್ಡು. ಇದನ್ನು ಬೋರ್ಡಿನ ಮೇಲೆ ಬರೆದಿಟ್ಟು ಲೈಟ್ ಆರಿಸುತ್ತೇನೆ.

ಚಿತ್ರದ ಶುರುವಿನಲ್ಲಿ ಒಂದು ಧ್ವನಿ ಬರುತ್ತದೆ. ಅರ್ಧ ನಾಶವಾದ ಈ ನಗರದಲ್ಲಿ ಮೂವತ್ತೈದು ಲಕ್ಷ ಜನ ಬದುಕುತ್ತಿದ್ದಾರೆ, ಇದು ಆರೋಪವೂ ಅಲ್ಲ ಸಮರ್ಥನೆಯೂ ಅಲ್ಲ, ಹೀಗೆ. ಆ ಭಾಗವನ್ನು ನಾನು ಹಾರಿಸಿಬಿಡುತ್ತೇನೆ. ಶುದ್ಧವಾದಿಗಳು ಬೈಯಬಹುದು. ಆದರೆ ಉಪದೇಶ ಕೇಳಿಸಿದರೆ ಕಾಲೇಜು ಮಕ್ಕಳು ಅಲ್ಲೇ ಬಾಗಿಲು ಹಾಕಿಕೊಳ್ಳುತ್ತಾರೆ. ನನ್ನ ಪ್ರದರ್ಶನ ಶುರುವಾಗುವುದು ಸ್ಮಶಾನದಿಂದ. ಹೆಂಗಸರು ಗುಂಡಿ ತೋಡುತ್ತಿದ್ದಾರೆ, ನಡುವೆ ಒಬ್ಬ ಹುಡುಗ. ವಯಸ್ಸು ಸಾಲದು, ಹೋಗು ಅಂತ ಅವನನ್ನು ಅಟ್ಟುತ್ತಾರೆ. ಹಾಳೆಯಲ್ಲಿ ಮೊದಲ ಸಾಲು ಬೀಳುತ್ತದೆ: ಬಂದದ್ದು ಏನೂ ಇಲ್ಲ.

ಆಮೇಲೆ ರಸ್ತೆಯಲ್ಲಿ ಸತ್ತ ಕುದುರೆ. ಜನ ಸುತ್ತುಗಟ್ಟಿ ಮಾಂಸ ಕೊಯ್ಯುತ್ತಿದ್ದಾರೆ. ಇಲ್ಲಿ ಯಾವಾಗಲೂ ಹಾಲಿನಲ್ಲಿ ಗುಸುಗುಸು. ಕುದುರೆ ಯಾಕೆ ಅಂತ ಹಳ್ಳಿಯ ಹುಡುಗನೊಬ್ಬ ಕೇಳಿದ್ದ. ಪೆಟ್ರೋಲ್ ಎಲ್ಲಿತ್ತು, ಗಾಡಿ ಎಳೆಯಲು ಕುದುರೆಯೇ ತಾನೇ ಅಂತ ಪಕ್ಕದಲ್ಲಿದ್ದವನೇ ಉತ್ತರ ಕೊಟ್ಟ. ನಾನು ಬಾಯಿ ಹಾಕಲಿಲ್ಲ.

ಮುಂದಿನದು ತಕ್ಕಡಿಯ ವ್ಯವಹಾರ. ಇವರು ಇರುವ ಮನೆ ರಾಡೆಮಾಖರ್ ಎಂಬವನದು. ಒಂದೇ ಮನೆಯೊಳಗೆ ಹಲವು ಸಂಸಾರಗಳನ್ನು ಸರ್ಕಾರ ತುಂಬಿದೆ, ಎಲ್ಲರಿಗೂ ಎಲ್ಲರ ಮೇಲೂ ಸಿಟ್ಟು. ಆತ ತನ್ನ ತೂಕದ ಯಂತ್ರವನ್ನು ಮಾರಿಕೊಂಡು ಬಾ ಅಂತ ಎಡ್ಮಂಡನಿಗೆ ಕೊಡುತ್ತಾನೆ. ಹೇಳಿದ ಬೆಲೆ 300 ಮಾರ್ಕ್. ಕೊಳ್ಳುವವನು ಅದನ್ನು ಕಿತ್ತುಕೊಂಡು ಮಾಂಸದ ಡಬ್ಬಿ ತುರುಕಿ ಹೊರಟೇ ಹೋಗುತ್ತಾನೆ. ದೊಡ್ಡವರು ಈ ಹುಡುಗನ ಜೊತೆ ಮಾಡುವ ಪ್ರತಿ ವ್ಯಾಪಾರವೂ ಹೀಗೇ. ಹಾಳೆಯಲ್ಲಿ ಬರೆಯುತ್ತಾ ಹೋದಂತೆ ಮಕ್ಕಳಿಗೆ ತಾವಾಗಿಯೇ ಕಾಣುತ್ತದೆ, ನಾನು ವಿವರಿಸುವ ಅಗತ್ಯ ಬೀಳುವುದಿಲ್ಲ.

ಸಿನಿಮಾವನ್ನು ಒಂದೇ ಕಡೆ ನಿಲ್ಲಿಸುತ್ತೇನೆ. ಗ್ರಾಮಫೋನ್ ದೃಶ್ಯ ಮುಗಿದ ಮೇಲೆ. ಹೆನ್ನಿಂಗ್ ಎಂಬ ಹಳೆಯ ಮೇಷ್ಟ್ರು ಎಡ್ಮಂಡನಿಗೆ ಸಿಗುತ್ತಾನೆ. ನಾಜಿ ಆಗಿದ್ದಕ್ಕೆ ಕೆಲಸ ಕಳೆದುಕೊಂಡವನು. ಹಿಟ್ಲರನ ಭಾಷಣದ ರೆಕಾರ್ಡ್ ಕೊಟ್ಟು, ಊರು ಹಿಡಿದ ದೇಶಗಳ ಸಿಪಾಯಿಗಳಿಗೆ ಮಾರು ಅನ್ನುತ್ತಾನೆ. ಹಿಟ್ಲರನ ಕಚೇರಿಯಾಗಿದ್ದು ಈಗ ಪಾಳುಬಿದ್ದ ಚಾನ್ಸಲರಿ ಕಟ್ಟಡವನ್ನು ನೋಡಲು ಬಂದ ಸಿಪಾಯಿಗಳಿಗೆ ಹುಡುಗ ಅದನ್ನು ಹಾಕಿ ಕೇಳಿಸುತ್ತಾನೆ. ಮುರಿದ ಗೋಡೆಗಳ ನಡುವೆ ಸತ್ತವನ ದನಿ ಮೊಳಗುತ್ತದೆ. ಕ್ಯಾಮೆರಾ ಊರಿನ ಅವಶೇಷಗಳ ಮೇಲೆ ಹಾಯುತ್ತದೆ. ದಾರಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ತಬ್ಬಿಬ್ಬಾಗಿ ನಿಲ್ಲುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ಯಾವ ಪುಸ್ತಕವೂ ಇಷ್ಟು ಚಿಕ್ಕದಾಗಿ ಇದನ್ನು ಹೇಳಲಾರದು. ಈ ದೃಶ್ಯಕ್ಕಾಗಿಯೇ ನಾನು ನನ್ನದೇ ಸ್ಪೀಕರ್ ಹೊತ್ತುಕೊಂಡು ಹೋಗುತ್ತೇನೆ. ಪ್ರೊಜೆಕ್ಟರಿನ ಒಳಗಿನ ಸ್ಪೀಕರಿನಲ್ಲಿ ಆ ದನಿ ಸೊಳ್ಳೆಯ ಗುಂಯ್ ಅಷ್ಟೇ ಆಗುತ್ತದೆ. ದನಿ ಹಾಲಿನ ಹಿಂದಿನ ಗೋಡೆಗೆ ಬಡಿದು ವಾಪಸ್ ಬರಬೇಕು.

ರೆಕಾರ್ಡ್ ಮಾರಿದ್ದು 200 ಮಾರ್ಕಿಗೆ. ಮೇಷ್ಟ್ರು ಹುಡುಗನಿಗೆ ಕೊಡುವುದು 10. ಇಲ್ಲಿ ನಿಲ್ಲಿಸಿ, ಎಷ್ಟು ಪರ್ಸೆಂಟ್ ಅಂತ ಕೇಳುತ್ತೇನೆ. ಐದು ಪರ್ಸೆಂಟ್ ಅಂತ ಉತ್ತರ ಬರುತ್ತದೆ, ಆಮೇಲೆ ನಗು. "ಸಾರ್, ಮೇಷ್ಟ್ರು ಇನ್ನೊಂದು ಮಾಲನ್ನೂ ಮಾರಿದ್ದಾರೆ, ಅದಕ್ಕೆ ದುಡ್ಡು ತಗೊಂಡಿಲ್ಲ" ಅಂದಳು ಒಬ್ಬ ಬಿಕಾಂ ಹುಡುಗಿ. ಅವಳು ಹೇಳಿದ್ದು ವಿಚಾರದ ಬಗ್ಗೆ. ದುರ್ಬಲರು ಅಳಿಯಬೇಕು, ಬಲವಂತರು ಉಳಿಯಬೇಕು ಅಂತ ಹೆನ್ನಿಂಗ್ ಮುಂದೆ ಹೇಳುತ್ತಾನಲ್ಲ, ಅದು. ನಿಜಕ್ಕೂ ಆ ಮಾತು ಬರುವುದು ನಾನು ನಿಲ್ಲಿಸುವ ಜಾಗದಿಂದ ಎಷ್ಟೋ ಆಚೆಗೆ. ಆಕೆ ಮೊದಲೇ ನೋಡಿಕೊಂಡು ಬಂದಿದ್ದಳು ಅಂತ ಕಾಣುತ್ತದೆ! ಆದರೂ ಆ ಮಾತು ನನ್ನದಾಗಿಬಿಟ್ಟಿದೆ, ಎಲ್ಲ ಕಡೆ ಬಳಸುತ್ತೇನೆ.

ಹೆನ್ನಿಂಗ್ ಹುಡುಗನ ಮೈ ಸವರುವ ರೀತಿ ನೋಡಿದರೆ ಹಿಂಸೆಯಾಗುತ್ತದೆ. ಈ ಬಗ್ಗೆ ಮೊದಲೇ ಎಚ್ಚರ ಹೇಳಿರುತ್ತೇನೆ. ಇದರ ಬಗ್ಗೆ ನನಗೆ ತಕರಾರೂ ಇದೆ. ನಾಜಿ ಅಂದರೆ ಮಕ್ಕಳನ್ನು ಕೆಡಿಸುವ ವಿಕಾರ ಮನುಷ್ಯ ಅಂತ ತೋರಿಸಿಬಿಟ್ಟರೆ ಕೆಲಸ ಹಗುರವಾಗುತ್ತದೆ. ಹಿಟ್ಲರನಿಗೆ ಜೈ ಅಂದವರಲ್ಲಿ ಬಹಳಷ್ಟು ಜನ ಸಂಭಾವಿತ ಮನೆಯವರು, ಮಕ್ಕಳನ್ನು ಪ್ರೀತಿಯಿಂದಲೇ ಸಾಕಿದವರು. ಅದು ಇನ್ನೂ ಹೆದರಿಸುವ ಸಂಗತಿ ಅಲ್ವಾ? ಮತ್ತೊಂದು ತಕರಾರು ಸಂಗೀತದ್ದು. ನಿರ್ದೇಶಕನ ತಮ್ಮ ರೆಂಜೊ ರೊಸೆಲಿನಿ ಮಾಡಿದ್ದು. ಕ್ಯಾಮೆರಾ ಸುಮ್ಮನಿರುವ ಕಡೆಯೂ ಅದು ಎದೆ ಬಡಿದುಕೊಳ್ಳುತ್ತದೆ. ಕೆಲವು ಕಡೆ ಮೆಲ್ಲಗೆ ವಾಲ್ಯೂಮ್ ಇಳಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ.

ನಟರ ವಿಷಯ ಹೇಳಿದರೆ ಮಕ್ಕಳು ಕಣ್ಣರಳಿಸುತ್ತಾರೆ. ಎಡ್ಮಂಡ್ ಆದವನು ಸರ್ಕಸ್ ಕುಟುಂಬದ ಹುಡುಗ, ಅವನ ನಿಜವಾದ ಹೆಸರೂ ಎಡ್ಮಂಡ್. ರಸ್ತೆಗಳು ಬರ್ಲಿನ್ನಿನವು, ಮನೆಯ ಒಳಗಿನ ಕೋಣೆಗಳು ಮಾತ್ರ ರೋಮ್‌ನ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಬರ್ಲಿನ್ನಿನಿಂದ ರೋಮಿಗೆ ಬಂದ ನಟರು ಹೊಟ್ಟೆ ತುಂಬ ಉಂಡು ದಪ್ಪಗಾದರಂತೆ, ಮತ್ತೆ ಸೊರಗುವವರೆಗೆ ಕಾಯಬೇಕಾಯಿತಂತೆ. ಹಸಿವಿನ ಬಗ್ಗೆ ನಾನು ಕೊಡುವ ಐದು ನಿಮಿಷದ ಭಾಷಣಕ್ಕಿಂತ ಈ ಒಂದು ಕಥೆ ಮಕ್ಕಳ ತಲೆಯಲ್ಲಿ ಉಳಿಯುತ್ತದೆ.

ಇನ್ನು ಇವಾ. ರಾತ್ರಿ ಕ್ಲಬ್ಬಿಗೆ ಹೋಗಿ ಸಿಪಾಯಿಗಳ ಜೊತೆ ಕುಣಿದು ಸಿಗರೇಟ್ ತರುತ್ತಾಳೆ. ಅಷ್ಟಕ್ಕೇ ನಿಲ್ಲುತ್ತಾಳೆ, ಮುಂದೆ ಹೋಗುವುದಿಲ್ಲ. ನೆರೆಯವರ ನಾಲಿಗೆ ಮಾತ್ರ ನಿಲ್ಲುವುದಿಲ್ಲ. ಸಿಗರೇಟಿನಿಂದ ಮನೆಗೆ ಊಟ ಬರುತ್ತದೆ, ಅವಳಿಗೆ ಬರುವುದು ಚುಚ್ಚುಮಾತು. ಹುಡುಗಿಯರು ಜಾಸ್ತಿ ಮಾತಾಡುವುದು ಇವಳ ಬಗ್ಗೆ. ದುಡಿಯದೆ ಅಡಗಿ ಕೂತ ಅಣ್ಣನಿಗೆ ಯಾರೂ ಯಾಕೆ ಅಷ್ಟು ಚುಚ್ಚುವುದಿಲ್ಲ ಅನ್ನುವುದು ಪ್ರತಿ ಸಲ ಬರುವ ಪ್ರಶ್ನೆ. ಒಮ್ಮೆ ಇದೇ ವಿಷಯಕ್ಕೆ ಜಗಳ ಹತ್ತಿ ಪ್ರಿನ್ಸಿಪಾಲರು ಬಾಗಿಲಿಗೆ ಬಂದು ನೋಡಿ ಹೋದರು.

ಜೋ ಎಂಬ ಹುಡುಗ, ಕ್ರಿಸ್ಟಲ್ ಎಂಬ ಹುಡುಗಿ ಮತ್ತವರ ಗುಂಪು ಸಿನಿಮಾದಲ್ಲಿ ಸ್ವಲ್ಪವೇ ಬರುತ್ತದೆ. ಕಳ್ಳತನ, ಸೋಪು ಕೊಡುತ್ತೇವೆಂದು ಹೆಂಗಸೊಬ್ಬಳ ಹಣ ಹೊಡೆಯುವುದು. ಇವರ ಜೊತೆ ಒಂದು ರಾತ್ರಿ ಕಳೆದು ಎಡ್ಮಂಡ್ ಮನೆಗೆ ತರುವುದು ಒಂದಷ್ಟು ಆಲೂಗಡ್ಡೆ. ಇಡೀ ಚಿತ್ರದಲ್ಲಿ ಅವನಿಗೆ ಕೊಂಚ ನ್ಯಾಯವಾಗಿ ಸಿಕ್ಕ ಪಾಲು ಕಳ್ಳರ ಕೈಯಿಂದ. ಹಾಳೆಯಲ್ಲಿ ಇದನ್ನು ಕಂಡುಕೊಂಡವರು ನಕ್ಕು ಸುಮ್ಮನಾಗುತ್ತಾರೆ.

ಅಪ್ಪ ಕೆಲವು ದಿನ ಆಸ್ಪತ್ರೆಯಲ್ಲಿರುತ್ತಾನೆ. ಅಲ್ಲಿ ಊಟ ಸಿಗುತ್ತದೆ, ಮನೆಯಲ್ಲಿ ಒಂದು ಬಾಯಿ ಕಡಿಮೆ. ಅಲ್ಲಿಂದಲೇ ಎಡ್ಮಂಡ್ ವಿಷದ ಬಾಟಲಿ ಎತ್ತಿಕೊಳ್ಳುತ್ತಾನೆ. ಅಪ್ಪ ಮನೆಗೆ ಬಂದ ಮೇಲೆ ಚಹಾದಲ್ಲಿ ಬೆರೆಸಿ ಕೊಡುತ್ತಾನೆ. ಮೇಷ್ಟ್ರ ಮಾತನ್ನು ಹುಡುಗ ಪಾಠ ಅಂದುಕೊಂಡಿದ್ದಾನೆ. ಆ ಮನೆಯಲ್ಲಿ ಅವನು ಯಾರಿಗೋ ಏನಾದರೂ ಬಿಟ್ಟಿಯಾಗಿ, ಪ್ರೀತಿಯಿಂದ ಕೊಡುವುದು ಆ ಲೋಟವನ್ನೇ. ಹಾಳೆಯ ಬಲಭಾಗದಲ್ಲಿ "ಚಹಾ" ಅಂತ ಬರೆದು ಎದುರಿಗೆ ಏನು ಬರೆಯಬೇಕೋ ತಿಳಿಯದೆ ಬಿಟ್ಟಿರುತ್ತಾರೆ. ಮಾಡಿದ್ದನ್ನು ಹೇಳಿಕೊಂಡಾಗ ಹೆನ್ನಿಂಗ್ ಅವನನ್ನು ರಾಕ್ಷಸ ಅಂದು ದೂರ ತಳ್ಳುತ್ತಾನೆ.

ಆಮೇಲಿನ ಕೊನೆಯ ಭಾಗದಲ್ಲಿ ಮಾತು ಇಲ್ಲವೆಂದರೂ ಸರಿ. ಹುಡುಗ ಊರೆಲ್ಲ ತಿರುಗುತ್ತಾನೆ. ಚೆಂಡಾಡುವ ಮಕ್ಕಳು ಸೇರಿಸಿಕೊಳ್ಳುವುದಿಲ್ಲ. ಕುಂಟುತ್ತಾ ಆಡುತ್ತಾ ನಡೆಯುತ್ತಾನೆ. ಮುರಿದ ಚರ್ಚಿನಿಂದ ಆರ್ಗನ್ ಕೇಳುತ್ತದೆ. ತಮ್ಮ ಮನೆಯ ಎದುರಿನ ಪಾಳು ಕಟ್ಟಡ ಹತ್ತಿ, ಸಿಕ್ಕ ತುಂಡನ್ನು ಪಿಸ್ತೂಲು ಮಾಡಿಕೊಂಡು ಆಡುತ್ತಾನೆ, ಹಲಗೆಯ ಮೇಲೆ ಜಾರುಬಂಡಿ ಜಾರುತ್ತಾನೆ. ಕೆಳಗೆ ಅಪ್ಪನ ಶವಪೆಟ್ಟಿಗೆ ಹೋಗುತ್ತದೆ, ಅಕ್ಕ ಕೂಗುತ್ತಾಳೆ. ಇಲ್ಲಿ ಹಾಳೆಯಲ್ಲಿ ಬರೆಯಲು ಏನೂ ಇರುವುದಿಲ್ಲ. ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಮೊದಲ ಸಲ ಆ ಕೈಗಳು ಮಗುವಿನ ಕೈಗಳಾಗಿವೆ. ಕೈ ನೋಡಿ ಅಂತ ನಾನು ಹಠ ಹಿಡಿಯುವುದು ಈ ಕೊನೆಯ ಭಾಗಕ್ಕೋಸ್ಕರವೇ. ಅಲ್ಲಿಯವರೆಗೆ ಲೆಕ್ಕ ಬರೆದವರು ಮಾತ್ರ ಇಲ್ಲಿ ಪೆನ್ನು ಕೆಳಗಿಡುತ್ತಾರೆ.

ಮುಗಿದ ಮೇಲೆ ಲೈಟ್ ತಕ್ಷಣ ಹಾಕುವುದಿಲ್ಲ. ಮಗು ಸಾಯುವ ಚಿತ್ರ ಇದು ಅಂತ ಮೊದಲೇ ಹೇಳಿರುತ್ತೇನೆ, ಬೇಡವಾದವರು ಎದ್ದು ಹೋಗಬಹುದು, ಹಾಜರಿ ಹೋಗುವುದಿಲ್ಲ. ಮಕ್ಕಳಿಗೆ ಹತ್ತಿರವಾದ ಒಬ್ಬ ಲೆಕ್ಚರರ್ ಕೊನೆಯವರೆಗೆ ಇರಲೇಬೇಕು ಅನ್ನುವುದು ನನ್ನ ಷರತ್ತು. ಚಿತ್ರವನ್ನು ರೊಸೆಲಿನಿ ತನ್ನ ಮಗ ರೊಮಾನೊಗೆ ಅರ್ಪಿಸಿದ್ದಾನೆ. ಆ ಹುಡುಗ 1946ರಲ್ಲಿ, ಒಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡ. ಇದನ್ನು ಮಾತುಕತೆ ಎಲ್ಲ ಮುಗಿದ ಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ಮತ್ತೆ ಎಲ್ಲರೂ ಪಾಪ ಅನ್ನಲು ಶುರು ಮಾಡುತ್ತಾರೆ.

ನೀವು ತೋರಿಸುವುದಾದರೆ ಜರ್ಮನ್ ಮಾತಿನ ಪ್ರತಿಯನ್ನೇ ಹುಡುಕಿ. ಇಟಾಲಿಯನ್ ಡಬ್ ಆದದ್ದೂ ಓಡಾಡುತ್ತಿದೆ, ಬರ್ಲಿನ್ನಿನ ಬೀದಿಯಲ್ಲಿ ಅದು ಕಿವಿಗೆ ಹೊಂದುವುದಿಲ್ಲ. ಸಬ್‌ಟೈಟಲ್ ಓದುವುದು ಕಷ್ಟವಾಗುವ ಕಡೆ ನಾನು ಕಥೆಯನ್ನು ಒಂದು ಪುಟ ಕನ್ನಡದಲ್ಲಿ ಬರೆದು, ಅದೇ ಹಾಳೆಯ ಹಿಂಬದಿಗೆ ಜೆರಾಕ್ಸ್ ಮಾಡಿಸುತ್ತೇನೆ, ಕೊನೆಯೊಂದನ್ನು ಬಿಟ್ಟು. ಮುಂದಿನ ಸಲಕ್ಕೆ ಇಟಲಿಯ ಇನ್ನೊಬ್ಬ ನಿರ್ದೇಶಕ ಡಿ ಸಿಕಾನ 'ಶೂಶೈನ್' ಇಟ್ಟುಕೊಂಡಿದ್ದೇನೆ. 1946ರದ್ದು, ರೋಮ್ ನಗರ, ಬೂಟ್ ಪಾಲಿಶ್ ಮಾಡುವ ಇಬ್ಬರು ಹುಡುಗರು ಒಂದು ಕುದುರೆ ಕೊಳ್ಳಲು ದುಡ್ಡು ಕೂಡಿಸುವುದು. ಅದಕ್ಕೂ ಇದೇ ಹಾಳೆ ನಡೆಯುತ್ತದೆ, ಗೆರೆ ಮಾತ್ರ ಇನ್ನೊಂದು ಬೇಕಾಗುತ್ತದೆ, ಯಾಕೆಂದರೆ ಅಲ್ಲಿ ನಾಲ್ಕು ಕೈ.