ಸವಳು ಹೊಲದಲ್ಲಿ ಅಂಟಾರ್ಕ್ಟಿಕಾದ ಲೆಕ್ಕ: ಮಣ್ಣಿನ ಜಂತುಹುಳು ಎಣಿಸುವ ಬಗೆ

ಧ್ರುವದ ಮರುಭೂಮಿಯಲ್ಲಿ ಜೀವಿಗಳ ಹಂಚಿಕೆಯನ್ನು ಚಳಿಯೊಂದೇ ತೀರ್ಮಾನಿಸುವುದಿಲ್ಲ. ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊ ಒಣ ಕಣಿವೆಗಳಲ್ಲಿ ಒಂದೇ ಚಳಿಯಿರುವ ಅಕ್ಕಪಕ್ಕದ ಜಾಗಗಳಲ್ಲೂ ಜಂತುಹುಳುಗಳ (ಮಣ್ಣಿನಲ್ಲಿರುವ, ಸೂಕ್ಷ್ಮದರ್ಶಕದಲ್ಲಿ ಕಾಣುವ ನೆಮಟೋಡ್‌ಗಳು) ಲೆಕ್ಕ ಬೇರೆ. ಬೇಸಿಗೆಯ ಕೆಲವೇ ವಾರ ಹಿಮನೀರು ಹರಿಯುವ ತೊರೆಯಂಚಿನಲ್ಲಿ ಪ್ಲೆಕ್ಟಸ್, ಯೂಡೋರಿಲೈಮಸ್ ಎಂಬ ಬಗೆಯ ಹುಳುಗಳು ಸಿಗುತ್ತವೆ. ಒಣಗಿದ, ಉಪ್ಪು ಹೆಚ್ಚಿದ ಕಡೆ ಬಹುಪಾಲು ಸ್ಕಾಟ್ನೆಮಾ ಎಂಬ ಹುಳು ಒಂದೇ. ತೊಳೆಯುವ ಮಳೆಯೇ ಇಲ್ಲದೆ ಯುಗಗಟ್ಟಲೆ ಉಪ್ಪು ಕೂಡಿದ ಹಳೆಯ ಮಣ್ಣಿನಲ್ಲಿ ಎಷ್ಟೋ ಸಲ ಅದೂ ಇಲ್ಲ.

ಸುರಪುರ, ಶಹಾಪುರದ ಕಾಲುವೆ ಸೀಮೆಯಲ್ಲಿ ಸವಳು ಬಿದ್ದ ಹೊಲವಿದ್ದರೆ ಈ ನೀರು-ಉಪ್ಪಿನ ಆಟವನ್ನು ನೀವೇ ಅಳೆಯಬಹುದು. ಬಿಳಿ ಹುಡಿ ಕಟ್ಟಿದ ಜಾಗ, ಅದರಂಚು, ಚೆನ್ನಾಗಿ ಬೆಳೆ ಬಂದ ಜಾಗ ಆರಿಸಿ. ಒಂದೊಂದರಲ್ಲೂ ಐದು ಕಡೆ 10 ಸೆಂ.ಮೀ. ಆಳದವರೆಗೆ ಮಣ್ಣು ತೆಗೆದು ಬೆರೆಸಿ. ಚೀಲವನ್ನು ನೆರಳಲ್ಲಿಡಿ, ಮೇ ತಿಂಗಳ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟರೆ ಹುಳು ಬೆಂದೇ ಹೋಗುತ್ತವೆ.

ಮೊದಲು ಉಪ್ಪು. 10 ಗ್ರಾಂ ಒಣಮಣ್ಣಿಗೆ 50 ಮಿ.ಲೀ. ನೀರು ಹಾಕಿ ಚೆನ್ನಾಗಿ ಅಲುಗಿಸಿ, ಅರ್ಧ ಗಂಟೆ ಬಿಟ್ಟು ತಿಳಿನೀರಿನಲ್ಲಿ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪು ತೋರಿಸುವ ಸಾಧನ) ಅದ್ದಿ. ಬೋರ್‌ವೆಲ್ ನೀರು ಬೇಡ, ಅದರ ಉಪ್ಪೇ ಲೆಕ್ಕ ಕೆಡಿಸುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಬಟ್ಟಿ ನೀರು ಸಾಕು.

ಇನ್ನು ಹುಳು. 10-12 ಸೆಂ.ಮೀ. ಅಗಲದ ಆಲಿಕೆಯ ಬಾಲಕ್ಕೆ ರಬ್ಬರ್ ನಳಿಕೆ ಸಿಕ್ಕಿಸಿ ಕ್ಲಿಪ್ ಹಾಕಿ, ಕುಡಿಯುವ ನೀರು ತುಂಬಿ. ಗುಳ್ಳೆ ಉಳಿದರೆ ಹುಳು ಅಲ್ಲೇ ತಡೆಯುತ್ತವೆ, ನಳಿಕೆ ಹಿಚುಕಿ ಬಿಡಿಸಿ. ಮೇಲೆ ಚಹಾ ಸೋಸುವ ಜಾಲರಿ, ಅದರಲ್ಲಿ ಟಿಶ್ಯೂ ಹಾಳೆ, ಹಾಳೆಯ ಮೇಲೆ 50 ಗ್ರಾಂ ಮಣ್ಣು ತೆಳ್ಳಗೆ. ನೀರು ಮಣ್ಣನ್ನು ನೆನೆಸಿದರೆ ಸಾಕು, ಮುಳುಗಿಸಬಾರದು. ಎರೆಮಣ್ಣು ಉಬ್ಬಿ ಅಂಟಾಗಿ ದಾರಿ ಮುಚ್ಚುತ್ತದೆ. ಅದನ್ನು 25 ಗ್ರಾಂನಂತೆ ಎರಡು ಆಲಿಕೆಗೆ ಹಂಚಿ. ಮನೆಯೊಳಗೆ ತಂಪಾದ ಕಡೆ 48 ಗಂಟೆ ಬಿಟ್ಟು, ನಳಿಕೆಯಿಂದ ಮೊದಲ 10 ಮಿ.ಲೀ. ಮಾತ್ರ ಇಳಿಸಿ, 40 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿ. ಗಾಜಿನ ಎಳೆಯಂತೆ ಪಾರದರ್ಶಕವಾಗಿ, ಹಾವಿನಂತೆ ನುಲಿಯುವುದು ಹುಳು. ಅಲುಗಾಡದ ಎಳೆ ಸಾಮಾನ್ಯವಾಗಿ ಟಿಶ್ಯೂ ನಾರು. ಹೊಸಬರು ಎಣಿಸಿಬಿಡುವುದು ಇದನ್ನೇ.

ಎಣಿಕೆಯನ್ನು ಒಣತೂಕಕ್ಕೆ ಭಾಗಿಸಿ. ಅದೇ ಮಣ್ಣಿನ 20 ಗ್ರಾಂ ಅನ್ನು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಗಿ. 18 ಗ್ರಾಂ ಉಳಿದರೆ ನಿಮ್ಮ 50 ಗ್ರಾಂ ನಿಜವಾಗಿ 45.

ಸೊನ್ನೆ ಬಂತೆಂದು ಜೀವವೇ ಇಲ್ಲ ಅನ್ನಬೇಡಿ. ಒಣಗುತ್ತಾ ಹೋದ ಮಣ್ಣಿನಲ್ಲಿ ಹಲವು ಜಂತುಹುಳುಗಳು ಮೈಯ ನೀರನ್ನು ಬಹುಪಾಲು ಬಿಟ್ಟು ಸುರುಳಿ ಸುತ್ತಿ ಮಲಗುತ್ತವೆ; ಸ್ಕಾಟ್ನೆಮಾ ಬದುಕುಳಿಯುವುದೂ ಹೀಗೆಯೇ. ಆಲಿಕೆಯಲ್ಲಿ ಸಿಗುವುದು ಈಜಿ ಬರುವಂಥವು ಮಾತ್ರ. ಹಾಗಾಗಿಯೇ ಅಂಟಾರ್ಕ್ಟಿಕಾದ ಮಣ್ಣಿಗೆ ಸಕ್ಕರೆ ದ್ರಾವಣದಲ್ಲಿ ಗಿರಕಿ ಹೊಡೆಸಿ ತೇಲಿಸುವ ವಿಧಾನ ಬಳಸುತ್ತಾರೆ. ಅದರಲ್ಲಿ ಸತ್ತವೂ ಮೇಲೆ ಬರುತ್ತವೆ. ನಮ್ಮ ಬೇಸಿಗೆ ಮಣ್ಣನ್ನು ಆಲಿಕೆಗೆ ಹಾಕುವ ಮುನ್ನ ಒಂದು ದಿನ ಒದ್ದೆ ಬಟ್ಟೆಯಡಿ ಇಟ್ಟು ನಿಧಾನವಾಗಿ ತೇವ ಹಿಡಿಸಿ. ತಿಪ್ಪೆಗೊಬ್ಬರ ಬಿದ್ದ ಜಾಗದ ಮಣ್ಣು ಮಾತ್ರ ಈ ಹೋಲಿಕೆಗೆ ತರಬೇಡಿ.