ಬೆಟ್ಟದ ಹಳೆಯ ಬಳಕೆಯನ್ನು ಮರಗಳಲ್ಲಿ ಓದುವುದು

ಶಿರಸಿ, ಸಿದ್ದಾಪುರ ಸೀಮೆಯ ಕಾಡನ್ನು ಮಳೆ ಮತ್ತು ಮಣ್ಣಿನಷ್ಟೇ ಹಿಂದಿನವರ ಕತ್ತಿಯೂ ರೂಪಿಸಿದೆ. ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ಕಡಿದು ತರುವ ಕಾಡು) ಕೊಟ್ಟ ಸೀಮೆ ಇದು.

ಮೊದಲು ಪಹಣಿ, ಗ್ರಾಮ ನಕಾಶೆ ನೋಡಿ: ಜಾಗ ಸೊಪ್ಪಿನಬೆಟ್ಟವೋ, ಕಾನೋ (ದಟ್ಟ ನಿತ್ಯಹರಿದ್ವರ್ಣ ಕಾಡು), ಮೀಸಲು ಅರಣ್ಯವೋ? ಆಮೇಲೆ 20 ಮೀಟರ್ ಚೌಕಕ್ಕೆ ಹಗ್ಗ ಕಟ್ಟಿ, ಸುತ್ತಳತೆ 30 ಸೆಂ.ಮೀ. ಮೀರಿದ ಪ್ರತಿ ಮರವನ್ನು ನೆಲದಿಂದ 130 ಸೆಂ.ಮೀ. ಎತ್ತರದಲ್ಲಿ ಅಳೆಯಿರಿ. ಇಳಿಜಾರಿನಲ್ಲಿ ಮೇಲ್ಬದಿಯಿಂದ ಅಳೆಯಬೇಕು. ಒಂದು ಮೂಲೆಯಲ್ಲಿ 5 ಮೀಟರ್ ಚೌಕ ಮಾಡಿ ಸಸಿಗಳನ್ನು ಎಣಿಸಿ.

ಸೊಪ್ಪು ಕಡಿದ ಮರ ಸುಲಭವಾಗಿ ಸಿಗುತ್ತದೆ: ದಪ್ಪ ಬುಡ, ಕುಳ್ಳು ಮೈ, ಕೊಂಬೆ ಕಡಿದಲ್ಲೆಲ್ಲ ಗಂಟು. ಮತ್ತಿ, ಹೊನ್ನೆ, ನೆಲ್ಲಿ, ಕವಲು ಮರಗಳು ಹೆಚ್ಚಾಗಿ ಹೀಗಿರುತ್ತವೆ. ಕಡಿತದಿಂದ ಬಿಸಿಲು ನೆಲಕ್ಕೆ ಬೀಳುತ್ತದೆ, ದರಕು (ಉದುರಿದ ಒಣ ಎಲೆ) ಗುಡಿಸಿದರೆ ತೇವ ಹೋಗುತ್ತದೆ, ಹುಲ್ಲು ಬಂದರೆ ಬೆಂಕಿಯೂ ಬರುತ್ತದೆ. ಬೆಂಕಿ ತಡೆಯುವ ದಪ್ಪ ತೊಗಟೆಯವು ಉಳಿದು, ನೆರಳು ಬೇಡುವ ರಾಂಪತ್ರೆಯಂಥವು ಸಾಯುತ್ತವೆ. ಈಗ ಸಸಿಗಳ ಪಟ್ಟಿಯನ್ನು ಮರಗಳ ಪಟ್ಟಿಯ ಪಕ್ಕ ಇಡಿ. ಮೇಲೆ ಮತ್ತಿ, ಕೆಳಗೆ ನಿತ್ಯಹರಿದ್ವರ್ಣದ ಸಸಿಗಳಿದ್ದರೆ ಸೊಪ್ಪು ಕಡಿಯುವುದು, ದರಕು ಗುಡಿಸುವುದು ಕೆಲವು ವರ್ಷದಿಂದ ನಿಂತಿರಬಹುದು. ಕೆಳಗೆ ಹುಲ್ಲೇ ಇದ್ದರೆ ಇನ್ನೂ ನಡೆಯುತ್ತಿರಬಹುದು. ಎಲ್ಲಕ್ಕಿಂತ ಹೆಚ್ಚು ಹೇಳುವ ಗುರುತು ಇದೇ.

ಕುಮರಿ, ಅಂದರೆ ಕಾಡು ಕಡಿದು ಸುಟ್ಟು ಮಾಡುವ ಬೇಸಾಯ, ಬೇರೆ ಕಥೆ. 1801ರಲ್ಲಿ ಕೆನರಾ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಅದನ್ನು ದಾಖಲಿಸಿದ್ದಾನೆ. ಕಡಿದು ಸುಟ್ಟು ರಾಗಿ ಬಿತ್ತಿ ಬಿಟ್ಟ ಜಾಗದಲ್ಲಿ ಮರಗಳ ಗಾತ್ರ ಹೆಚ್ಚುಕಡಿಮೆ ಒಂದೇ, ಹಳೆಯ ಬುಡಗಳಿಂದ ಚಿಗುರಿದ ಹಲವು ಕಾಂಡ. ಮಣ್ಣು ಅಗೆದರೆ ಇದ್ದಲು ಸಿಗಬಹುದು. ಆದರೆ ಮೇಲ್ಮಣ್ಣಿನ ಇದ್ದಲನ್ನು ನಂಬಬೇಡಿ, ಅದು ಇತ್ತೀಚಿನ ಕಾಡ್ಗಿಚ್ಚಿನದಿರಬಹುದು.

ಕಾಡೊಳಗೆ ಮೆಟ್ಟಿಲು ಮೆಟ್ಟಿಲಾದ ನೆಲ ಬಿಟ್ಟ ಗದ್ದೆಯ ಗುರುತು. ಹಳೆಯ ಮಾವು, ಹಲಸು ಗುಂಪಾಗಿ ನಿಂತು ಪಕ್ಕದಲ್ಲಿ ಬಾವಿಯೋ ಅಡಿಪಾಯವೋ ಇದ್ದರೆ ಅಲ್ಲಿ ಮನೆಯಿತ್ತು. ಸಾಲಾಗಿ, ಒಂದೇ ಅಂತರದಲ್ಲಿ ತೇಗ ಅಥವಾ ಅಕೇಶಿಯಾ ಇದ್ದರೆ ನೆಡುತೋಪೇ, ತಲೆಕೆಡಿಸಿಕೊಳ್ಳುವಂಥದ್ದಿಲ್ಲ.

ತಪ್ಪು ಹೆಚ್ಚಾಗುವುದು ಎರಡು ಕಡೆ. ಕುಳ್ಳು ಮರ ಕಂಡ ಕೂಡಲೇ ಸೊಪ್ಪಿಗೆ ಕಡಿದದ್ದು ಎನ್ನುತ್ತಾರೆ. ಹಾರೆ ಇಳಿಸಿ ನೋಡಿ: ಗೇಣಿನ ಕೆಳಗೆ ಜಂಬಿಟ್ಟಿಗೆ ಕಲ್ಲು ತಗುಲಿದರೆ ಮಣ್ಣಿನ ತೆಳುವೇ ಕಾರಣವಿರಬಹುದು, ಆಗ ಗಂಟುಗಳಿವೆಯೇ ಎಂದು ಮತ್ತೆ ನೋಡಬೇಕು. ಎರಡನೆಯದು ಸುತ್ತಳತೆಯಿಂದ ವಯಸ್ಸು ಹೇಳುವುದು. ಸೊಪ್ಪು ಕಡಿಯುತ್ತಿದ್ದ ಮರ ನಿಧಾನವಾಗಿ ಬೆಳೆಯುತ್ತದೆ. ತೇಗದಲ್ಲಿ ವರ್ಷದ ಉಂಗುರ ಸ್ಪಷ್ಟ, ಆದರೆ ನಿತ್ಯಹರಿದ್ವರ್ಣದ ಬಹುಪಾಲು ಮರಗಳಲ್ಲಿ ಅಷ್ಟು ನಿಖರವಾಗಿ ಮೂಡುವುದಿಲ್ಲ.